ಲುಗ್‌ರಿ ಗುಡ್ಡದ ಸದ್ದು

ಯಂತ್ರ ಆ ಸದ್ದಿಗೆ ನಾಲ್ಕು ದಿನಗಳಲ್ಲಿ ಮೂರು ಹೆಸರು ಕೊಟ್ಟಿತ್ತು. ಮಂಗಳವಾರ ಅದು 'ಗಾಯಗೊಂಡ ದೊಡ್ಡ ಪ್ರಾಣಿ'. ಬುಧವಾರ 'ಗುಂಡಿ ತೋಡುವಿಕೆ, ಸಂಭಾವ್ಯತೆ ಶೇಕಡಾ 71'. ಗುರುವಾರ ಮತ್ತೆ ಪ್ರಾಣಿ. ಶುಕ್ರವಾರ ಮಧ್ಯಾಹ್ನ ಪರದೆಯ ಮೇಲೆ 'ವರ್ಗೀಕರಿಸಲಾಗದು' ಎಂದು ಬಂದಾಗ ಮೇಜರ್ ಕಠೋಚ್ ಕುರ್ಚಿ ಎಳೆದುಕೊಂಡು ಛೋಜೊಮ್‌ಳ ಪಕ್ಕದಲ್ಲಿ ಕೂತರು.

"ಪ್ರಾಣಿಯೋ ಮನುಷ್ಯನೋ, ಅದನ್ನಾದರೂ ಹೇಳಿ."

"ಮನುಷ್ಯನಂತೆ ಮೂರು ಹೆಜ್ಜೆ ಇಡುತ್ತದೆ ಸರ್. ಆಮೇಲೆ ಧೊಪ್ ಎಂದು ಬೀಳುತ್ತದೆ. ಏನೋ ನೆಲಕ್ಕೆ ಉಜ್ಜಿದ ಸದ್ದು. ನಾಲ್ಕೈದು ಸೆಕೆಂಡ್ ಮೌನ. ಮತ್ತೆ ಮೂರು ಹೆಜ್ಜೆ."

"ಕುಡಿದವನೇ?"

"ನಾಲ್ಕು ದಿನದಿಂದಲೇ?"

ಲಡಾಖಿನ ಪೂರ್ವದ ಅಂಚಿನಲ್ಲಿ, ಸಮುದ್ರಮಟ್ಟದಿಂದ ನಾಲ್ಕು ಸಾವಿರದ ಏಳುನೂರು ಮೀಟರ್ ಎತ್ತರದಲ್ಲಿ ಈ ಆಲಿಸುವ ಠಾಣೆ ಇತ್ತು. ಮೂರು ವರ್ಷಗಳ ಹಿಂದೆ, 2040ರಲ್ಲಿ, ಎರಡು ದೇಶಗಳು ಮಾಡಿಕೊಂಡ ಒಪ್ಪಂದದಂತೆ ಗಡಿಯ ಎರಡೂ ಬದಿಗೆ ಮೂರು ಮೂರು ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಯಾರೂ ಕಾಲಿಡುವಂತಿಲ್ಲ, ಏನನ್ನೂ ಹಾರಿಸುವಂತಿಲ್ಲ, ಕ್ಯಾಮೆರಾ ತಿರುಗಿಸುವಂತಿಲ್ಲ. ನೋಡುವುದಕ್ಕೆ ನಿಷೇಧ, ಕೇಳುವುದಕ್ಕೆ ಮಾತ್ರ ಅನುಮತಿ. ಅದಕ್ಕಾಗಿ ಗಡಿರೇಖೆಯ ಮೇಲೆಯೇ ಅರ್ಧ ಮೀಟರ್ ಆಳದಲ್ಲಿ ಗಾಜಿನ ಎಳೆಯ ಒಂದು ಕೇಬಲ್ ಹೂತಿದ್ದರು. ಅದರ ಒಂದು ತುದಿಗೆ ಇವರು ಕಿವಿಗೊಟ್ಟಿದ್ದರು, ಇನ್ನೊಂದು ತುದಿಗೆ ಅವರು.

ಎಳೆಯೊಳಗೆ ಸೆಕೆಂಡಿಗೆ ಸಾವಿರಾರು ಬಾರಿ ಲೇಸರ್ ಬೆಳಕು ಹರಿಯುತ್ತದೆ. ಹತ್ತಿರದಲ್ಲಿ ಯಾರಾದರೂ ಹೆಜ್ಜೆ ಇಟ್ಟರೆ ನೆಲ ಕಣ್ಣಿಗೆ ಕಾಣದಷ್ಟು ನಡುಗುತ್ತದೆ, ಗಾಜು ಅಷ್ಟೇ ಸೂಕ್ಷ್ಮವಾಗಿ ಹಿಗ್ಗುತ್ತದೆ, ಅಲ್ಲಿಂದ ಹಿಂದಕ್ಕೆ ಚದುರುವ ಬೆಳಕು ಬದಲಾಗುತ್ತದೆ. ಆ ಬದಲಾವಣೆಯಿಂದ ಹೆಜ್ಜೆ ಕೇಬಲ್ಲಿನ ಯಾವ ಮೀಟರಿನ ಬಳಿ ಬಿತ್ತು, ಕೇಬಲ್ಲಿನಿಂದ ಎಷ್ಟು ದೂರ ಎಂಬುದನ್ನು ಯಂತ್ರ ಹೇಳುತ್ತದೆ. ಒಂದನ್ನು ಮಾತ್ರ ಹೇಳುವುದಿಲ್ಲ: ಎಡಕ್ಕೋ, ಬಲಕ್ಕೋ. ನೇರವಾಗಿ ಹೂತ ಎಳೆಗೆ ಎರಡೂ ಮಗ್ಗುಲು ಒಂದೇ. ಹೀಗೆ ಗಡಿ ಕಾಯಲೆಂದು ಕೋಟಿಗಟ್ಟಲೆ ಸುರಿದು ಮಾಡಿದ ಯಂತ್ರಕ್ಕೆ ಗಡಿಯ ಯಾವ ಕಡೆ ಎಂಬುದೊಂದೇ ತಿಳಿಯುತ್ತಿರಲಿಲ್ಲ. ಅದನ್ನು ಊಹಿಸಿ 'ಪೂರ್ವ' ಅಥವಾ 'ಪಶ್ಚಿಮ' ಎಂದು ತುಂಬಿ ಸಹಿ ಹಾಕಲು ಒಬ್ಬ ಆಲಿಸುವ ತಜ್ಞರು ಬೇಕಿದ್ದರು. ಛೋಜೊಮ್‌ಳ ಕೆಲಸ ಅದು.

ಸದ್ದು ಬರುತ್ತಿದ್ದದ್ದು ಲುಗ್‌ರಿ ಗುಡ್ಡದಿಂದ. ಉತ್ತರ ದಕ್ಷಿಣವಾಗಿ ಒಂದೂವರೆ ಕಿಲೋಮೀಟರ್ ಉದ್ದಕ್ಕೆ ಮಲಗಿದ ಕಿರಿದಾದ ಗುಡ್ಡ. ಗಡಿರೇಖೆಯೂ ಕೇಬಲ್ಲೂ ಅದರ ನೆತ್ತಿಯ ಮೇಲೆಯೇ ಹಾದುಹೋಗಿದ್ದವು. ಬುಡದಲ್ಲಿ ಹಳೆಯ ಕಾಲುದಾರಿಯೊಂದು ಗುಡ್ಡವನ್ನು ಸುತ್ತುಹಾಕಿತ್ತು. ಅದರ ಪಶ್ಚಿಮದ ಮಗ್ಗುಲು ಈ ದೇಶ, ಪೂರ್ವದ ಮಗ್ಗುಲು ಆ ದೇಶ.

ಛೋಜೊಮ್ ಹೆಡ್‌ಫೋನ್ ತೆಗೆದಿಟ್ಟಳು. ಎದ್ದು, ಎರಡು ಮೇಜುಗಳ ನಡುವಿನ ಜಾಗದಲ್ಲಿ ಮೂರು ಹೆಜ್ಜೆ ನಡೆದು, ಮೊಣಕಾಲೂರಿ, ಕೈಚಾಚಿ ಬೋರಲು ಬಿದ್ದಳು. ಅಂಗೈ ನೆಲಕ್ಕೆ ಉಜ್ಜಿದ ಸದ್ದಾಯಿತು. ಹಣೆ ತಾಗಿಸಿ ಐದು ಎಣಿಸಿ ಎದ್ದಳು.

ಮೂಲೆಯಲ್ಲಿ ಬ್ಯಾಟರಿ ಒರೆಸುತ್ತಿದ್ದ ಹವಾಲ್ದಾರ್ ಮುದಕಪ್ಪ ಕಟಗೇರಿ ಬಟ್ಟೆ ಕೈಬಿಟ್ಟ. "ಅಯ್ಯ ಇದರ, ಇದು ದೀಡ ನಮಸ್ಕಾರ ಅಲ್ಲೇನ್ರೀ! ನಮ್ಮವ್ವ ವರ್ಷಾ ಹಾಕ್ತಿದ್ಲು. ನಾಕು ದಿನಾ ತಲಿ ಕೆಡಿಸ್ಕೊಂಡ್ವೆಲ್ಲ!"

ಬಾಗಲಕೋಟೆ ಕಡೆಯ ಮುದಕಪ್ಪ ಮತ್ತು ಮುಂಡಗೋಡಿನ ಟಿಬೆಟಿಯನ್ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದ ಛೋಜೊಮ್ ಠಾಣೆಯಲ್ಲಿ ಕನ್ನಡ ಬಲ್ಲ ಇಬ್ಬರು. ಅವಳನ್ನು ಅವನು ಛೋಜವ್ವಾರ ಎಂದೇ ಕರೆಯುತ್ತಿದ್ದ.

ಮೇಜರ್‌ಗೆ ಹಿಂದಿಯಲ್ಲಿ ವಿವರಿಸಿದ್ದಾಯಿತು. ಪವಿತ್ರವೆಂದು ನಂಬಿದ ಗುಡ್ಡವನ್ನು ಮೈಯಳತೆಯಲ್ಲಿ ಸುತ್ತುವ ಹರಕೆ. ಬೆರಳು ತಾಗಿದಲ್ಲಿಗೆ ಎದ್ದು ನಡೆದು, ಅಲ್ಲಿಂದ ಮತ್ತೆ ಮಲಗುವುದು. ಸಂಜೆ ನಿಲ್ಲಿಸಿದಲ್ಲಿ ಕಲ್ಲಿಟ್ಟು ಮರುದಿನ ಅದೇ ಕಲ್ಲಿನಿಂದ ಶುರು. ದಿನಕ್ಕೆ ಬೆಳಿಗ್ಗೆ ನೂರೆಂಟು, ಮಧ್ಯಾಹ್ನ ನೂರೆಂಟು. ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ.

"ಇನ್ನೊಂದು ವಿಚಿತ್ರ ಇದೆ ಸರ್," ಎಂದಳು. "ಬೆಳಿಗ್ಗೆ ಮುಗಿಸಿದ ನೆಲವನ್ನೇ ಮಧ್ಯಾಹ್ನ ಹಿಂದಕ್ಕೆ ಬಂದು ಮತ್ತೆ ಅಳೆಯುತ್ತಾರೆ. ಎರಡೆರಡು ಸಲ ಹಾಕುವ ಹರಕೆ ಇರಬೇಕು."

"ಅದು ಅವರಿಗೆ ಬಿಟ್ಟದ್ದು. ನನಗೆ ಬೇಕಿರುವುದು, ಯಾವ ಕಡೆ?"

ಛೋಜೊಮ್ ಯೋಚಿಸಬೇಕಾಗಿಯೇ ಇರಲಿಲ್ಲ. ಪ್ರದಕ್ಷಿಣೆ ಎಂದರೆ ಗುಡ್ಡ ಬಲಗೈ ಕಡೆ ಇರಬೇಕು. ಸದ್ದು ಉತ್ತರದ ತುದಿಯಿಂದ ದಕ್ಷಿಣಕ್ಕೆ ಸರಿಯುತ್ತಿದೆ. ದಕ್ಷಿಣಕ್ಕೆ ಮುಖಮಾಡಿದವರ ಬಲಗೈ ಪಶ್ಚಿಮಕ್ಕೆ. ಗುಡ್ಡ ಪಶ್ಚಿಮಕ್ಕಿದ್ದರೆ ವ್ಯಕ್ತಿ ಇರುವುದು ಪೂರ್ವಕ್ಕೆ. "ಆಚೆ ಕಡೆ ಸರ್."

"ಹೌದ್ರೀ ಸಾಹೇಬ್ರ, ದೇವರು ಬಲಕ್ಕ ಇರಬೇಕು," ಎಂದ ಮುದಕಪ್ಪ.

ಮೇಜರ್ ನಕ್ಷೆಯ ಕಡೆ ನೋಡಿದರು. "ಒಂದು ವಿಷಯ ನೆನಪಿರಲಿ. ಈ ಕಡೆಯ ದಾರಿಯಲ್ಲಿ, ಉತ್ತರದ ತುದಿಯಿಂದ ಎಣಿಸಿದರೆ ಸಾವಿರದ ನೂರನೇ ಮೀಟರಿನಿಂದ ದಕ್ಷಿಣದ ತುದಿವರೆಗೆ ಹಳೆಯ ನೆಲಬಾಂಬುಗಳಿವೆ. ಯಾರು ಹೂತದ್ದು ಎಂಬುದಕ್ಕೆ ಎರಡು ದೇಶದ ದಾಖಲೆಯಲ್ಲಿ ಎರಡು ಉತ್ತರ. ಬೇಲಿ ಬಿದ್ದು ವರ್ಷಗಳಾಯಿತು. ನಡೆಯುವವನು ಅದೃಷ್ಟವಿದ್ದರೆ ತಪ್ಪಿಸಿಕೊಂಡಾನು; ಮೈಯಿಡೀ ಚಾಚಿ ಮಲಗುವವನಿಗೆ ತಪ್ಪುವುದೇ ಇಲ್ಲ. ನೀವು ಖಚಿತವೇ?"

"ಖಚಿತ ಸರ್."

ಅವಳು 'ಪೂರ್ವ' ಎಂದು ತುಂಬಿ ಸಹಿ ಹಾಕಿದಳು.

ಶನಿವಾರ ಸಂಜೆ ಪಲ್ಜೋರ್‌ನ ಡೇರೆಗೆ ಹೋದದ್ದು ಬೆಣ್ಣೆ ತರಲು. ಪಲ್ಜೋರ್ ಚಾಂಗ್‌ಪಾ ಪಶುಪಾಲಕ. ನಿಷೇಧಿತ ಪಟ್ಟಿಯ ಹೊರಗೆ, ಠಾಣೆಯಿಂದ ಕೂಗಳತೆಯಲ್ಲಿ, ಚಮರೀಮೃಗದ ಕೂದಲಿನ ಕರಿ ಡೇರೆಯಲ್ಲಿ ಹೆಂಡತಿ ಮತ್ತು ತಾಯಿಯೊಂದಿಗೆ ಇದ್ದ. ಠಾಣೆಯ ಕೇಬಲ್ ಅಗೆತಕ್ಕೂ ಆಗಾಗ ಬರುತ್ತಿದ್ದ. ಛೋಜೊಮ್‌ಳ ಟಿಬೆಟಿಯನ್ ಕೇಳಿ ಅವನಿಗೆ ನಗು. "ನಿನ್ನ ಮಾತು ರೇಡಿಯೋದ ಹಾಗಿದೆ," ಎನ್ನುತ್ತಿದ್ದ. ಅವನ ಮಾತಿನಲ್ಲಿ ಅವಳಿಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ಮುಖ ನೋಡಿ ತಿಳಿಯುತ್ತಿದ್ದಳು.

ಆ ಸಂಜೆ ಅವನ ಮುಖ ಸರಿಯಿರಲಿಲ್ಲ. ಚಹಾ ಸುರಿಯುವಾಗ ಬಟ್ಟಲು ತುಂಬಿ ಚೆಲ್ಲಿತು.

"ಅಮ್ಮ ಎಲ್ಲಿ?" ಎಂದಳು ಛೋಜೊಮ್.

"ಅಕ್ಕನ ಡೇರೆಗೆ ಹೋಗಿದ್ದಾಳೆ," ಎಂದ. ಅದೇ ಹೊತ್ತಿಗೆ ಒಲೆಯ ಬಳಿಯಿಂದ ಹೆಂಡತಿ, "ಆಡು ಹುಡುಕಲು ಹೋಗಿದ್ದಾರೆ," ಎಂದಳು. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. "ಆಡು ಹುಡುಕಿಕೊಂಡು ಅಕ್ಕನ ಡೇರೆಗೆ," ಎಂದು ಪಲ್ಜೋರ್ ಸರಿಪಡಿಸಿದ.

ಛೋಜೊಮ್ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಲುಗ್‌ರಿ ಸುತ್ತುವ ಹರಕೆ ಇನ್ನೂ ಇದೆಯೇ ಎಂದು ಕೇಳಿದಳು.

"ಎಲ್ಲಿಂದ ಬರಬೇಕು? ಅರ್ಧ ಗುಡ್ಡ ನಮ್ಮದು, ಅರ್ಧ ಗುಡ್ಡ ಅವರದ್ದು. ಅರ್ಧ ಸುತ್ತು ಹಾಕಿದರೆ ಯಾವ ದೇವರು ಒಪ್ಪುತ್ತಾನೆ?" ಪಲ್ಜೋರ್ ನಗಲು ನೋಡಿದ. "ಮೊದಲು ಮೇವಿನ ಕಾಲದಲ್ಲಿ ಎರಡೂ ಕಡೆಯ ಡೇರೆಗಳು ಒಂದೇ ಮಾಳದಲ್ಲಿ ಬೀಳುತ್ತಿದ್ದವಂತೆ. ಹೆಣ್ಣು ಕೊಡುವುದು ತರುವುದು ಎಲ್ಲ ಇತ್ತು. ನಮ್ಮ ದೊಡ್ಡಮ್ಮನನ್ನು ಆಚೆಗೆ ಕೊಟ್ಟದ್ದು. ವರ್ಷಕ್ಕೊಮ್ಮೆ ಗುಡ್ಡ ಸುತ್ತುವಾಗ ಅಮ್ಮ, ದೊಡ್ಡಮ್ಮ ಒಂದು ಸುತ್ತಿಗೆ ಎರಡು ಸಲ ಎದುರುಬದುರಾಗುತ್ತಿದ್ದರಂತೆ. ಒಮ್ಮೆ ಉತ್ತರದ ತುದಿಯಲ್ಲಿ, ಒಮ್ಮೆ ದಕ್ಷಿಣದ ತುದಿಯಲ್ಲಿ. ಆಮೇಲೆ ಸೈನ್ಯ ಬಂತು." ಬಟ್ಟಲು ಕೆಳಗಿಟ್ಟು ಕೇಳಿದ: "ನಿಮ್ಮ ಯಂತ್ರಕ್ಕೆ ಮನುಷ್ಯರ ಮುಖ ಕಾಣುತ್ತದೆಯೇ?"

"ಇಲ್ಲ. ಸದ್ದು ಅಷ್ಟೇ."

"ಒಳ್ಳೆಯದು," ಎಂದ ಪಲ್ಜೋರ್. ಯಾಕೆ ಒಳ್ಳೆಯದು ಎಂದು ಅವಳು ಕೇಳಲಿಲ್ಲ.

ಮನೆಗೆ ಮಾತಾಡಲು ಅವಳ ಸರದಿ ಭಾನುವಾರ ಹನ್ನೊಂದೂವರೆಗೆ. ಠಾಣೆಯ ಫೋನಿನಲ್ಲಿ ಆಡುವ ಮಾತನ್ನು ಕೇಳಿಸಿಕೊಳ್ಳಲು ಒಬ್ಬರು ಇರಲೇಬೇಕು, ಆ ಭಾಷೆ ಅವರಿಗೆ ಬರಲೇಬೇಕು. ಟಿಬೆಟಿಯನ್ ಬಲ್ಲ ಕೇಳುಗ ಇರಲಿಲ್ಲ. ಹಾಗಾಗಿ ತಾಯಿ ಮಗಳು ಕನ್ನಡದಲ್ಲಿ ಮಾತಾಡಬೇಕು, ಮುದಕಪ್ಪ ಪಕ್ಕದಲ್ಲಿ ಕೂತು ಕೇಳಬೇಕು. ಮುಂಡಗೋಡಿನ ಮಣ್ಣಿನಲ್ಲೇ ಹುಟ್ಟಿ, ಚಳಿಗಾಲವಿಡೀ ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರುವ ತಾಯಿಗೆ ಕನ್ನಡ ಕಷ್ಟವಾಗಿರಲಿಲ್ಲ. ಮಗಳ ಜೊತೆ ಅದನ್ನು ಆಡುವುದೇ ಒಂದು ತಮಾಷೆಯಾಗಿತ್ತು.

"ಉಂಡ್ಯಾ?"

"ಇನ್ನೂ ಇಲ್ಲಮ್ಮಾ. ನೀನೇನ್ ಮಾಡಾಕತ್ತಿ?"

"ಗೋವಿನಜೋಳ ಹರವೀನಿ. ಫಕ್ಕೀರವ್ವನ ಎಮ್ಮಿ ಎರಡ ಸಲ ಬಂದು ಬಾಯಿ ಹಾಕ್ತು. ಹೊಡದ್ರ ಆಕಿ ಸಿಟ್ಟಿಗೇಳ್ತಾಳ, ಬಿಟ್ರ ಜೋಳ ಉಳಿಯಂಗಿಲ್ಲ. ಕೇಳಸ್ಕೊಳಾಕತ್ತಾರೇನು ನಿಮ್ಮ ಮುದಕಪ್ಪನೋರು?"

"ಕೇಳಾಕತ್ತೀನ್ರೀ ಅಮ್ಮಾರ. ಎಮ್ಮೀದೂ ಬರಕೊಂಡೆ," ಎಂದ ಮುದಕಪ್ಪ.

ಛೋಜೊಮ್ ನಕ್ಕಳು. ಆಮೇಲೆ, ಕೆಲಸದ ವಿಷಯ ಬಾರದ ಹಾಗೆ, ಸುಮ್ಮನೆ ನೆನಪಾದಂತೆ ಕೇಳಿದಳು: "ಅಮ್ಮಾ, ದೀಡ ನಮಸ್ಕಾರ ಹಾಕೋರು ಹಾಕಿದ ಜಾಗಾನೇ ಮತ್ತ ಹಿಂದ ಬಂದು ಹಾಕೂ ಪದ್ಧತಿ ಐತೇನು?"

"ಎಲ್ಲೀದು? ಕಲ್ಲಿಟ್ಟ ಮ್ಯಾಲ ಹಿಂದ ಬರೂದು ಅಂದ್ರ ಹರಕಿ ಮುರಿದಂಗ. ಅಂಥಾ ಉಲ್ಟಾ ಪಲ್ಟಾ ಎಲ್ಲಾ ನಿಮ್ಮಜ್ಜಗ ಸರಿ."

"ಅಜ್ಜ ಏನ್ ಮಾಡ್ತಿದ್ದ?"

"ಈಗೇನು, ಸತ್ತು ಇಪ್ಪತ್ನಾಕು ವರ್ಷಾತು. ನಿಮ್ಮಜ್ಜ ಬೋನ್ ಪಂಥದಾಂವ, ಬುದ್ಧ ಬರೂಕಿಂತ ಮೊದಲಿಂದು ಅದು. ಅವರು ಗುಡಿ, ಗುಡ್ಡ ಏನಾದ್ರೂ ಎಡಕ್ಕ ಹಾಕ್ಕೊಂಡು ಸುತ್ತತಾರ. ಕ್ಯಾಂಪಿಗೆ ಬಂದಾಗ ಎಲ್ಲಾರೂ ಬೌದ್ಧರು ಅಂತ ಒಂದ ಹೆಸರು ಬರಸಿದ್ರು, ಇಂವನೂ ಬರಸಿದ. ಆದ್ರ ಮುಂಜಾನೆ ಸ್ತೂಪ ಸುತ್ತಾಕ ಹ್ವಾದ್ರ ಕಾಲು ತಾನ ಎಡಕ್ಕ ತಿರಗತಿತ್ತು. ನಿಮ್ಮಜ್ಜಿ ಬಯ್ತಿದ್ಲು, ಮಂದಿ ಎದುರ ಮಾನ ಕಳೀತಿ ಅಂತ. ನಿನ್ನ ಕೈ ಹಿಡಕೊಂಡು ಹೊಕ್ಕಿದ್ದ, ನೆನಪಿಲ್ಲ?"

ನೆನಪಿತ್ತು. ಆದರೆ ಅವಳ ನೆನಪೇ ಬೇರೆ. ಸ್ತೂಪ ಸುತ್ತುವಾಗ ಕ್ಯಾಂಪಿನ ಜನರೆಲ್ಲ ತಮ್ಮ ಎದುರಿಗೇ ಬರುತ್ತಿದ್ದರು, ಒಬ್ಬೊಬ್ಬರೂ ಅಜ್ಜನನ್ನು ಮಾತಾಡಿಸಿ ಹೋಗುತ್ತಿದ್ದರು. ಅಜ್ಜ ಬಹಳ ದೊಡ್ಡ ಮನುಷ್ಯ, ಎಲ್ಲರೂ ಅವನನ್ನು ನೋಡಲೆಂದೇ ಬರುತ್ತಾರೆ ಎಂದು ಆರು ವರ್ಷದ ಹುಡುಗಿ ತಿಳಿದಿದ್ದಳು. ಎಲ್ಲರೂ ಒಂದೇ ದಿಕ್ಕಿಗೆ ಸುತ್ತಿದರೆ ಯಾರೂ ಯಾರ ಎದುರಿಗೂ ಬರುವುದಿಲ್ಲ.

"ಅಜ್ಜ ಯಾವ ಊರಾಂವ, ಅಮ್ಮಾ?"

"ಊರೆಲ್ಲಿ? ಡೇರೆಯವರು. ಕುರಿಗುಡ್ಡದ ಕಣಿವಿ ಅಂತಿದ್ದ."

ಲುಗ್‌ರಿ ಎಂದರೂ ಅದೇ. ಕುರಿಯ ಗುಡ್ಡ. ಛೋಜೊಮ್ ಫೋನ್ ಇಟ್ಟಾಗ ಮುದಕಪ್ಪ ಪುಸ್ತಕದಲ್ಲಿ ಬರೆಯುತ್ತಿದ್ದವನು ಪೆನ್ನು ಎತ್ತಿದ. "ಛೋಜವ್ವಾರ, ಇದನ್ನ ಬರೀಲೋ ಬ್ಯಾಡೋ?"

ಅವಳು ಆಗಲೇ ಯಂತ್ರದ ಮುಂದೆ ಹೋಗಿ ಕೂತಿದ್ದಳು.

ಗುಡ್ಡ ಎಡಕ್ಕಿದ್ದರೆ ದಕ್ಷಿಣಕ್ಕೆ ಸರಿಯುವ ವ್ಯಕ್ತಿ ಪಶ್ಚಿಮದ ಮಗ್ಗುಲಲ್ಲಿರಬೇಕು. ಈ ಕಡೆ. ನೆಲಬಾಂಬಿನ ಕಡೆ. ಆದರೆ ಬೆಳಗಿನ ಸದ್ದು ಇವತ್ತು ಸಾವಿರದ ಇನ್ನೂರ ಎಂಬತ್ತಮೂರನೇ ಮೀಟರಿಗೆ ನಿಂತಿದೆ. ಸಾವಿರದ ನೂರು ದಾಟಿ ಎಷ್ಟೋ ಹೊತ್ತಾಗಿದೆ. ಸ್ಫೋಟ ಕೇಳಿಲ್ಲ. ಹಾಗಾದರೆ ಪೂರ್ವವೇ. ಹಾಗಾದರೆ ಮಧ್ಯಾಹ್ನ ಹಿಂದಕ್ಕೆ ಬರುವುದು ಏಕೆ? ಹರಕೆ ಮುರಿದಂತೆ ಎಂದಳಲ್ಲ ಅಮ್ಮ. ಬಂದೂ ಎಷ್ಟು ಹಿಂದಕ್ಕೆ? ಮೊದಲ ದಿನ ಇನ್ನೂರ ಹದಿನಾಲ್ಕು ಮೀಟರ್, ನಿನ್ನೆ ಮುನ್ನೂರ ಹದಿನೇಳು. ಯಾವ ಹರಕೆಗೆ ಇಂಥ ಲೆಕ್ಕ ಹೊಂದುತ್ತದೆ? ಗಡಿಯಾರ ಕೆಟ್ಟಿದೆಯೇ? ತನ್ನ ತಲೆ ಕೆಟ್ಟಿದೆಯೇ?

ಒಂದು ನಮಸ್ಕಾರಕ್ಕೆ ಸರಿಯುವ ದೂರ 186 ಸೆಂಟಿಮೀಟರ್ ಎಂದು ಯಂತ್ರ ಆರು ದಿನಗಳಿಂದ ತೋರಿಸುತ್ತಿತ್ತು. ಅದು ದಿನದ ಸರಾಸರಿ. ಅವಳು ಬೆಳಗನ್ನೂ ಮಧ್ಯಾಹ್ನವನ್ನೂ ಬೇರೆಮಾಡಿ ಲೆಕ್ಕ ಕೇಳಿದಳು. ಬೆಳಿಗ್ಗೆ 198. ಮಧ್ಯಾಹ್ನ 174. ಪ್ರತಿದಿನವೂ ಅಷ್ಟೇ.

ಮೇಜರ್ ಊಟಕ್ಕೆ ಕೂತಿದ್ದರು. ಛೋಜೊಮ್ ಕಾಗದವನ್ನು ತಟ್ಟೆಯ ಪಕ್ಕದಲ್ಲಿಟ್ಟಳು. "ಅದು ಒಬ್ಬರಲ್ಲ ಸರ್. ಇಬ್ಬರು. ಒಬ್ಬರು ಪೂರ್ವದಲ್ಲಿ, ಒಬ್ಬರು ಪಶ್ಚಿಮದಲ್ಲಿ. ಕೇಬಲ್ಲಿಗೆ ಎರಡೂ ಮಗ್ಗುಲು ಒಂದೇ ಆದ್ದರಿಂದ ಇಬ್ಬರನ್ನೂ ಒಬ್ಬರೆಂದು ತಿಳಿದಿದೆ."

"ಮೊನ್ನೆ ಖಚಿತ ಎಂದಿರಿ."

"ಮೊನ್ನೆ ತಪ್ಪಿದೆ. ಮೈಚಾಚಿದ ಅಳತೆ ನೋಡಿ. ಊಟ ಮಾಡಿದ ಮೇಲೆ ಯಾರೂ ಗೇಣುದ್ದ ಕುಳ್ಳಗಾಗುವುದಿಲ್ಲ."

ಮೇಜರ್ ಚಮಚ ಕೆಳಗಿಟ್ಟರು. ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದೂವರೆ: ಆಗ ಬಿಸಿಲು ಪೂರ್ವದ ಮಗ್ಗುಲಿಗೆ. ಹನ್ನೆರಡೂವರೆಯಿಂದ ಮೂರೂವರೆ: ಆಗ ಬಿಸಿಲು ಪಶ್ಚಿಮಕ್ಕೆ. ಅಕ್ಟೋಬರಿನಲ್ಲಿ ಹೆಪ್ಪುಗಟ್ಟಿದ ನೆರಳಿನ ನೆಲದ ಮೇಲೆ ಯಾರೂ ಮೈಚಾಚುವುದಿಲ್ಲ. ಇಬ್ಬರೂ ತಂತಮ್ಮ ಬಿಸಿಲಿಗೆ ಕಾಯುತ್ತಿದ್ದರು. ಅದಕ್ಕೇ ಎರಡು ಸದ್ದು ಒಮ್ಮೆಯೂ ಒಟ್ಟಿಗೆ ಬಂದಿರಲಿಲ್ಲ.

"ಪಶ್ಚಿಮದವರು ಈಗ ಎಲ್ಲಿ?"

"ಒಂಬೈನೂರ ನಲವತ್ತರಿಂದ ಇದೀಗ ಶುರುಮಾಡಿದ್ದಾರೆ. ಇನ್ನು ತೊಂಬತ್ತೆರಡನೆಯ ನಮಸ್ಕಾರಕ್ಕೆ ಬಾಂಬಿನ ಪಟ್ಟಿ. ಸುಮಾರು ಮೂರು ಗಂಟೆಗೆ."

ಗೋಡೆಯ ಗಡಿಯಾರದಲ್ಲಿ ಹನ್ನೆರಡು ನಲವತ್ತಾಗಿತ್ತು.

"ಒಳನುಸುಳಿಕೆ ಖಚಿತವಾದರೆ ಮಾತ್ರ ನಾಲ್ವರು ನಿರಾಯುಧರನ್ನು ಒಳಗೆ ಕಳಿಸಬಹುದು," ಎಂದರು ಮೇಜರ್ ನಿಧಾನವಾಗಿ. "ತಪ್ಪಾದರೆ ಒಪ್ಪಂದ ಮುರಿದದ್ದು ನಾವು. ಕಳೆದ ಸಲ ಹಾಗೆ ಆದಾಗ ಒಂಬತ್ತು ಹೆಣ ಬಿದ್ದವು. ಎಡಕ್ಕೆ ಸುತ್ತುವವರೂ ಇರುತ್ತಾರೆ ಎಂದು ನಿಮಗೆ ಯಾರು ಹೇಳಿದ್ದು?"

ಇದೇ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಕೆಲಸಕ್ಕೆ ಸೇರುವಾಗ ತುಂಬಿದ ಅರ್ಜಿಯಲ್ಲಿ, ಗಡಿಯಿಂದ ಐವತ್ತು ಕಿಲೋಮೀಟರಿನೊಳಗೆ ರಕ್ತಸಂಬಂಧ ಇದೆಯೇ ಎಂಬ ಪ್ರಶ್ನೆಗೆ 'ಇಲ್ಲ' ಎಂದು ಬರೆದಿದ್ದಳು. ಸುಳ್ಳು ಬರೆದಿರಲಿಲ್ಲ. ಗೊತ್ತಿದ್ದದ್ದೇ ಅಷ್ಟು.

"ನನ್ನ ಅಜ್ಜ ಎಡಕ್ಕೆ ಸುತ್ತುತ್ತಿದ್ದರು. ಅವರು ಈ ಕಣಿವೆಯವರು. ಒಂದು ಗಂಟೆ ಹಿಂದೆ ತಿಳಿಯಿತು."

"ಕಣಿವೆಯ ಯಾವ ಕಡೆ?"

"ಗೊತ್ತಿಲ್ಲ ಸರ್. ಆಗ ಕಡೆಗಳು ಇದ್ದವೋ ಇಲ್ಲವೋ."

"ಇದನ್ನು ನಾನು ಬರೆಯಬೇಕಾಗುತ್ತದೆ. ಬರೆದರೆ ನಾಳೆಯಿಂದ ನೀವು ಆ ಕೋಣೆಗೆ ಕಾಲಿಡುವಂತಿಲ್ಲ."

"ಬರೆಯಿರಿ. ಮೊದಲು ಜನ ಕಳಿಸಿ."

ಅವಳು 'ಪಶ್ಚಿಮ' ಎಂದು ತುಂಬಿ ಸಹಿ ಹಾಕಿದಳು.

ನಾಲ್ಕು ಕಿಲೋಮೀಟರ್ ನಡೆಯಲು ಒಂದೂಮುಕ್ಕಾಲು ಗಂಟೆ ಹಿಡಿಯಿತು. ಛೋಜೊಮ್, ಮುದಕಪ್ಪ, ಇಬ್ಬರು ಜವಾನರು. ಆ ಎತ್ತರದಲ್ಲಿ ಓಡಲಾಗುವುದಿಲ್ಲ. ಓಡಬೇಕೆಂದುಕೊಂಡು ನಡೆಯಬಹುದು ಅಷ್ಟೇ. ಗುಡ್ಡದ ಬುಡ ತಲುಪಿದಾಗ ಎರಡು ಐವತ್ತು. ದಾರಿಯ ಮೇಲೆ, ಮೂವತ್ತು ಮೀಟರ್ ಮುಂದೆ, ಚರ್ಮದ ಏಪ್ರನ್ ಕಟ್ಟಿದ ಒಬ್ಬ ಮುದುಕಿ ಕೈಗೆ ಮರದ ಹಲಗೆ ಸಿಕ್ಕಿಸಿಕೊಂಡು ಬೋರಲು ಮಲಗಿದ್ದಳು. ಅವಳಾಚೆ, ಇನ್ನು ಹತ್ತು ಹನ್ನೆರಡು ಮೈಯಳತೆ ದೂರದಲ್ಲಿ, ತುಕ್ಕು ಹಿಡಿದ ಮುಳ್ಳುತಂತಿ ನೆಲಕಚ್ಚಿತ್ತು.

"ನಿಲ್ಲಿ ಅಜ್ಜೀ!" ಎಂದು ಛೋಜೊಮ್ ಟಿಬೆಟಿಯನ್‌ನಲ್ಲಿ ಕೂಗಿದಳು.

ಮುದುಕಿ ಎದ್ದಳು, ಮೂರು ಹೆಜ್ಜೆ ನಡೆದಳು, ಮತ್ತೆ ಮಲಗಿದಳು. ಅವಳು ಎದ್ದಾಗ ಛೋಜೊಮ್ ಎದುರಿಗೆ ಹೋಗಿ ದಾರಿಗಡ್ಡ ನಿಂತಿದ್ದಳು.

"ಎಂಬತ್ತೆರಡು," ಎಂದಳು ಮುದುಕಿ ಉಸಿರು ಬಿಡುತ್ತ. "ಮಾತಾಡಿಸಬೇಡ, ಲೆಕ್ಕ ತಪ್ಪುತ್ತದೆ. ಯಾರು ನೀನು? ರೇಡಿಯೋದವಳ ಹಾಗೆ ಮಾತಾಡುತ್ತೀ."

"ಮುಂದೆ ನೆಲದೊಳಗೆ ಬಾಂಬು ಹೂತಿದ್ದಾರೆ. ತುದಿವರೆಗೂ."

ಮುದುಕಿ ತಂತಿಯನ್ನು ನೋಡಿದಳು, ಜವಾನರ ಸಮವಸ್ತ್ರ ನೋಡಿದಳು. ಒಂದು ಕಲ್ಲೆತ್ತಿ ತನ್ನ ಪಾದದ ಬಳಿ ಇಟ್ಟಳು. ಆಮೇಲೆ ತಟ್ಟನೆ ತಲೆ ಎತ್ತಿದಳು. "ತುದಿವರೆಗೂ ಅಂದೆಯಾ? ತಂಗಿ ಆಚೆಯಿಂದ ಬರುತ್ತಿದ್ದಾಳೆ. ತುದಿಯಲ್ಲಿ ಸೇರುವುದೆಂದು ಮಾತು. ನಾನು ಸಿಗದಿದ್ದರೆ ತುದಿ ದಾಟಿ ಈ ಕಡೆಗೇ ಬರುತ್ತಾಳೆ. ನಿಲ್ಲುವವಳಲ್ಲ ಅವಳು."

"ತಂಗಿ ಯಾರು?"

"ಛೋರೊಲ್. ನಿಮ್ಮ ಕಡೆಯವಳೇ. ಪಲ್ಜೋರ್ ಅಂತ ಮಗ ಇದ್ದಾನೆ."

ಛೋಜೊಮ್ ಗುಡ್ಡದ ನೆತ್ತಿಯತ್ತ ನೋಡಿದಳು. ಆಚೆಯವಳು ಈಚೆ, ಈಚೆಯವಳು ಆಚೆ. ಉತ್ತರದ ತುದಿಯಿಂದ, ಮದುವೆಯಾದ ಮನೆಯ ಪದ್ಧತಿಯಂತೆ ಅಕ್ಕ ಗುಡ್ಡವನ್ನು ಎಡಕ್ಕೆ ಹಾಕಿಕೊಂಡು ಹೊರಟಿದ್ದಳು, ತವರಿನ ಪದ್ಧತಿಯಂತೆ ತಂಗಿ ಬಲಕ್ಕೆ ಹಾಕಿಕೊಂಡು. ತಂತಮ್ಮ ಸರಿಯಾದ ದಿಕ್ಕಿಗೆ ಹೋಗಿದ್ದರಿಂದಲೇ ಇಬ್ಬರೂ ಮತ್ತೊಬ್ಬರ ದೇಶದಲ್ಲಿದ್ದರು.

ರೇಡಿಯೋದಲ್ಲಿ ಮೇಜರ್ ಎಲ್ಲ ಕೇಳಿಸಿಕೊಂಡರು. "ಆಚೆಯವರಿಗೆ ಹಾಟ್‌ಲೈನ್ ಮಾಡಿ ಕೇಳಿದೆ. 'ನಿಮ್ಮವರು ಯಾರೂ ನಮ್ಮ ಕಡೆ ಇಲ್ಲ, ನಮ್ಮವರು ಯಾರೂ ಕಾಣೆಯಾಗಿಲ್ಲ' ಎನ್ನುತ್ತಾರೆ. ಅವರ ಪುಸ್ತಕದಲ್ಲಿ ಒಬ್ಬರೇ ಇರುವುದು, ಅದೂ ನಮ್ಮ ಕಡೆ." ಕಾಗದ ಮಗುಚಿದ ಸದ್ದಾಯಿತು. "ಒಪ್ಪಂದದ ಹನ್ನೊಂದನೇ ಕಲಂ. ದಾರಿತಪ್ಪಿ ಬಂದ ಪಶುಪಾಲಕರನ್ನು ರೇಖೆಯ ಅತ್ಯಂತ ಹತ್ತಿರದ ಬಿಂದುವಿನಲ್ಲಿ ಹಿಂದಕ್ಕೆ ಬಿಡತಕ್ಕದ್ದು. ನಿಮಗೆ ಹತ್ತಿರದ ಬಿಂದು ಯಾವುದು?"

"ತಲೆಯ ಮೇಲೆ ಸರ್. ಗುಡ್ಡದ ನೆತ್ತಿ."

"ಹಾಗಾದರೆ ಹತ್ತಿ."

ಮುದುಕಿಯನ್ನು ಮುದಕಪ್ಪ ಬೆನ್ನಿಗೆ ಹೊತ್ತ. "ನಮ್ಮವ್ವಗಿಂತ ಹಗೂರ ಅದಾಳ್ರೀ," ಎಂದ ಏದುಸಿರಿನಲ್ಲಿ. ನೆತ್ತಿಯಲ್ಲಿ ಕೇಬಲ್ ಹೂತ ಗುರುತಿನ ಮೇಲೆಯೇ ದಕ್ಷಿಣಕ್ಕೆ ನಡೆದು ನಿಂತು ನೋಡಿದರೆ, ಕೆಳಗೆ ಪೂರ್ವದ ನೆರಳಿನಲ್ಲಿ, ಎತ್ತರದ ಒಬ್ಬ ಹೆಂಗಸು ಕಂಬಳಿ ಹೊದ್ದು ಸಗಣಿಬೆಂಕಿಯ ಮೇಲೆ ಚಹಾ ಕಾಸುತ್ತಿದ್ದಳು. ಅಕ್ಕ ಕೂಗಿದಳು. ತಂಗಿ ತಲೆ ಎತ್ತಿದಳು, ಸುತ್ತಲೂ ನೋಡಿದಳು, ಮೇಲೆ ಮಾತ್ರ ನೋಡಲಿಲ್ಲ. ಮೂರನೆಯ ಕೂಗಿಗೆ ಕಂಡಿತು.

ಹತ್ತಿ ಬಂದವಳು ಅಕ್ಕನ ಭುಜ ಹಿಡಿದು ಮೊದಲು ಆಡಿದ ಮಾತು: "ನಾನು ಮುಂದಿದ್ದೇನೆ, ನೋಡು."

"ನಿನ್ನ ಕಾಲುದ್ದ. ಅದರಲ್ಲೇನು ದೊಡ್ಡಸ್ತಿಕೆ?" ಎಂದಳು ಅಕ್ಕ. ಹಣೆಗೆ ಹಣೆ ತಾಗಿಸಿ ಇಬ್ಬರೂ ಅಲ್ಲೇ ಕೂತರು. ಮೂವತ್ತೊಂದು ವರ್ಷವಾಗಿತ್ತಂತೆ. ಇಷ್ಟು ವರ್ಷ ಮಾತು ಹೇಗೆ ದಾಟುತ್ತಿತ್ತು ಎಂದು ಛೋಜೊಮ್ ಕೇಳಿದಾಗ, ದಾರಿತಪ್ಪಿದ ಆಡುಗಳನ್ನು ತಿರುಗಿ ಅಟ್ಟುವಾಗ ಕೊಂಬಿಗೆ ಉಣ್ಣೆಯ ಗಂಟು ಹಾಕುತ್ತೇವೆ ಎಂದಷ್ಟೇ ಹೇಳಿದರು.

ರೇಡಿಯೋ ಗೊರಗೊರ ಎಂದಿತು. ಯಾವ ಕಡೆಗೆ ಎಷ್ಟು ಜನ ಎಂದು ಮೇಜರ್ ಕೇಳುತ್ತಿದ್ದರು. ಸೋದರಿಯರಿಗೆ ಬೇರೆಯದೇ ಚಿಂತೆ. ತುದಿಯ ನೆಲ ಮುಟ್ಟುವಂತಿಲ್ಲ, ಸುತ್ತು ಮುಗಿಯಬೇಕು. ಅಕ್ಕ ಬೆರಳಲ್ಲಿ ಮಣ್ಣಿನ ಮೇಲೆ ಗುಡ್ಡ ಬರೆದಳು. ತಂಗಿ ಅದನ್ನು ಅಳಿಸಿ ಮತ್ತೆ ಬರೆದಳು. ವಾದ ನಡೆಯಿತು. ಕೊನೆಗೆ ತೀರ್ಮಾನವಾದದ್ದು ಕೇಳಿ ಛೋಜೊಮ್ ಎರಡು ಸಲ ಕೈ ತಿರುಗಿಸಿ ದಿಕ್ಕು ನೋಡಿಕೊಂಡಳು. ಕಲ್ಲು ಅದಲುಬದಲು. ಅಕ್ಕ ಪೂರ್ವಕ್ಕಿಳಿದು ತಂಗಿಯ ಕಲ್ಲಿನಿಂದ ಉತ್ತರಕ್ಕೆ: ಗುಡ್ಡ ಅವಳ ಎಡಕ್ಕೇ. ತಂಗಿ ಪಶ್ಚಿಮಕ್ಕಿಳಿದು ಅಕ್ಕನ ಕಲ್ಲಿನಿಂದ ಉತ್ತರಕ್ಕೆ: ಗುಡ್ಡ ಅವಳ ಬಲಕ್ಕೇ. ಇಬ್ಬರ ದಿಕ್ಕೂ ಸರಿ, ಇಬ್ಬರೂ ಅವರವರ ದೇಶದಲ್ಲಿ.

"ಉಳಿದ ತುದಿ?" ಎಂದಳು ಛೋಜೊಮ್.

"ಅದನ್ನು ಹೂತವರು ಸುತ್ತಲಿ," ಎಂದಳು ಛೋರೊಲ್.

ಛೋಜೊಮ್ ಅದನ್ನೆಲ್ಲ ರೇಡಿಯೋದಲ್ಲಿ ಹೇಳಿದಳು; ಮೇಜರ್ ಮತ್ತೆ ಕಾಗದ ಮಗುಚಿದರು. ಆಮೇಲೆ ಹೇಳಿದರು: "ಹಿಂದಿರುಗತಕ್ಕದ್ದು ಎಂದಿದೆ. ಎಷ್ಟು ದಿನದಲ್ಲಿ, ನಿಂತೋ ಮಲಗಿಯೋ ಎಂದು ಬರೆದಿಲ್ಲ."

ಸೋಮವಾರ ಬೆಳಿಗ್ಗೆ ಛೋಜೊಮ್‌ಳ ಪೆಟ್ಟಿಗೆ ಲಾರಿಯಲ್ಲಿತ್ತು. ಆಲಿಸುವ ಕೋಣೆಯ ಬಾಗಿಲು ಅವಳ ಕಾರ್ಡಿಗೆ ತೆರೆಯಲಿಲ್ಲ. ಲೇಹ್‌ನಲ್ಲಿ ವಿಚಾರಣೆ, ಆಮೇಲೆ ಏನೋ ಯಾರಿಗೂ ತಿಳಿಯದು. ತಾನು ಮಾಡಿದ್ದು ತಪ್ಪೋ ಸರಿಯೋ ಎಂದು ಕೇಳಿದ್ದರೆ ಅವಳು ಎರಡೂ ಎನ್ನುತ್ತಿದ್ದಳೇನೋ. ನಿದ್ದೆಯಿಲ್ಲದೆ ಅವಳಿಗೆ ಅದೂ ತೋಚುತ್ತಿರಲಿಲ್ಲ. ಅಕ್ಕ ಕಣಿವೆಯ ಹಿಮಗಾಳಿಯಲ್ಲಿ ರಾತ್ರಿ ಕಳೆದಳೋ ಇಲ್ಲವೋ, ಆಚೆಯ ಸಿಪಾಯಿಗಳು ಕೆಳಗೆ ಕಾದಿದ್ದರೋ ಏನೋ, ಅದೊಂದೇ ಅವಳ ತಲೆಯಲ್ಲಿತ್ತು.

ಮುದಕಪ್ಪ ಬಾಗಿಲನ್ನು ಒಳಗಿನಿಂದ ತೆರೆದು, ಸಂದಿಗೆ ಒಂದು ಬೂಟು ಬಿಚ್ಚಿ ಸಿಕ್ಕಿಸಿಟ್ಟು, ಸ್ಪೀಕರ್ ಜೋರು ಮಾಡಿದ. ಎಂಟೂವರೆ ಆಯಿತು. ಏನೂ ಇಲ್ಲ. ಒಂಬತ್ತು. ಗಾಳಿ ಮಾತ್ರ. ಒಂಬತ್ತೂ ಹತ್ತಕ್ಕೆ ಮೂರು ಹೆಜ್ಜೆ, ಧೊಪ್, ಉಜ್ಜಿದ ಸದ್ದು.

"ಎಷ್ಟು ಅಳತೆ?" ಎಂದಳು ಛೋಜೊಮ್ ಹೊಸ್ತಿಲ ಹೊರಗಿನಿಂದ.

"ನೂರಾ ಎಪ್ಪತ್ನಾಕು. ಉತ್ತರಕ್ಕ ಹೊಂಟಾಳ. ಛೋಜವ್ವಾರ, ಯಂತ್ರ ಕೇಳಾಕತ್ತೈತಿ, ಯಾವ ಕಡೆ ಅಂತ. ಏನ್ ಬರೀಲಿ?"

"ಮೊದಲು ನೂರೆಂಟು ಆಗಲಿ."

ಕೆಳಗೆ ಲಾರಿಯ ಚಾಲಕ ಹಾರ್ನ್ ಹೊಡೆದ. ಇಬ್ಬರೂ ಕದಲಲಿಲ್ಲ. ಚಹಾ ಬಂತು, ಆರಿತು. ಮೇಜರ್ ಒಮ್ಮೆ ಹಾದುಹೋದರು, ತೆರೆದ ಬಾಗಿಲನ್ನೂ ಬೂಟನ್ನೂ ನೋಡಿ ಮುಂದೆ ನಡೆದರು. ಮುದಕಪ್ಪ ಗೋಡೆಗೆ ಸೀಮೆಸುಣ್ಣದಲ್ಲಿ ಗೀರು ಎಳೆಯುತ್ತಿದ್ದ. ತೊಂಬತ್ತು. ನೂರು. ನೂರಾ ಮೂರನೆಯ ಬಾರಿ ಧೊಪ್ ಎಂದು ಬಿದ್ದ ಮೇಲೆ ಹೆಜ್ಜೆ ಕೇಳಲಿಲ್ಲ. ಹತ್ತು ಸೆಕೆಂಡ್. ಒಂದು ನಿಮಿಷ. ಮೂರು ನಿಮಿಷ. ಛೋಜೊಮ್ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹಾರ್ನ್ ಮತ್ತೆ ಕೂಗಿತು. ಮುದಕಪ್ಪ ಕಿಟಕಿ ತೆಗೆದು ಚಾಲಕನಿಗೆ ಬಾಗಲಕೋಟೆಯ ಭಾಷೆಯಲ್ಲೇ ಒಂದು ಬೈಗುಳ ಎಸೆದು, ಕಿಟಕಿ ಮುಚ್ಚಿದ.

ಆಗ ನೆಲಕ್ಕೆ ಅಂಗೈ ಹಲಗೆ ಊರಿದ ಸದ್ದು ಬಂತು. ಒಂದು ಹೆಜ್ಜೆ. ತಡೆದು ಇನ್ನೊಂದು. ಮತ್ತೊಂದು. ಧೊಪ್.

"ನೂರಾ ನಾಕು," ಎಂದ ಮುದಕಪ್ಪ.